ಬೀಗನ ಅಭಿಮಾನಿ ಬಳಗ

ಲಾಂಡ್ರಿಯವರನ್ನು ಆ ಬೀದಿಯಲ್ಲಿ ಯಾರೂ ಲಾಂಡ್ರಿಯವರೆಂದು ಕರೆಯುತ್ತಿರಲಿಲ್ಲ, ಅಧ್ಯಕ್ಷರು ಎನ್ನುತ್ತಿದ್ದರು. ಯಾವುದಕ್ಕೆ ಅಧ್ಯಕ್ಷರು ಎಂದು ಹೊಸಬರು ಕೇಳಿದರೆ ಅಂಗಡಿಯ ಗೋಡೆಯೇ ಉತ್ತರ ಹೇಳುತ್ತಿತ್ತು. ಮಡಿಸಿಟ್ಟ ಬಟ್ಟೆಗಳ ಹಿಂದೆ, ಇಸ್ತ್ರಿ ಮೇಜಿನ ಮೇಲೆ, ಬಾಗಿಲಿನ ಎರಡೂ ಪಕ್ಕ, ಎಲ್ಲೆಲ್ಲೂ ಒಬ್ಬನೇ ಮನುಷ್ಯನ ಚಿತ್ರ: ಊರಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಚೆಂಡು ಅವನನ್ನು ದಾಟಿ ಒಳಗೆ ಹೋಗುವುದೇ ಇಲ್ಲವೆಂದು ಜನ ಅವನಿಗೆ ‘ಬೀಗ’ ಎಂದು ಹೆಸರಿಟ್ಟಿದ್ದರು. ಅಧ್ಯಕ್ಷರ ತಾಯಿ ಮಾತ್ರ ಅದನ್ನು ಬೇರೆಯೇ ಅರ್ಥದಲ್ಲಿ ತೆಗೆದುಕೊಂಡಿದ್ದರು. “ಬೀಗ ಅಂದಮೇಲೆ ನಮಗೂ ಅವನಿಗೂ ನೆಂಟಸ್ತಿಕೆ ಆಯ್ತಲ್ಲ,” ಎಂದು ನಗುತ್ತಿದ್ದರು. ಮಗ ಅಭಿಮಾನಿ ಬಳಗದ ಅಧ್ಯಕ್ಷನಾಗಿದ್ದರೆ ತಾಯಿ ಅದರ ಮಠಾಧಿಪತಿ. ಟಿ.ವಿ.ಯಲ್ಲಿ ಪಂದ್ಯ ಶುರುವಾಯಿತೆಂದರೆ ಮಂಡಿನೋವೂ ಅವರ ಹತ್ತಿರ ಸುಳಿಯುತ್ತಿರಲಿಲ್ಲ.

ಪತ್ರಿಕೆಯಲ್ಲಿ ಬೀಗನ ಚಿತ್ರ ಬಂದಾಗಲೆಲ್ಲ ಅಧ್ಯಕ್ಷರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದರು. ಅವನ ಪಕ್ಕದಲ್ಲಿ ಮಂತ್ರಿ ಇರಲಿ, ಕೋಚ್ ಇರಲಿ, ಹೆಂಡತಿ ಇರಲಿ, ಅವರ ಕತ್ತರಿಗೆ ಭೇದವಿರಲಿಲ್ಲ. ಒಂದೇ ಒಂದು ಚಿತ್ರದಲ್ಲಿ ಬೀಗನ ಭುಜದ ಮೇಲೆ ಉಂಗುರ ತೊಟ್ಟ ನಾಲ್ಕು ಬೆರಳು ಉಳಿದುಕೊಂಡಿದ್ದವು. ಅವನ್ನು ತೆಗೆದರೆ ಭುಜವೂ ಹೋಗುತ್ತಿತ್ತು.

ಅಧ್ಯಕ್ಷರು ಪಂದ್ಯ ನೋಡಲು ಪರವೂರಿಗೆ ಹೋಗಿದ್ದಾಗ ಮನೆಗೆ ಬಾಡಿಗೆಯವಳು ಬಂದಳು. ಕೆಳಗೆ ಅಂಗಡಿ, ಅದರ ಹಿಂದೆ ಮನೆ, ಹೊರಗಿನ ಮೆಟ್ಟಿಲು ಹತ್ತಿದರೆ ಮೇಲೊಂದು ಕೋಣೆ. ‘ಕೋಣೆ ಬಾಡಿಗೆಗಿದೆ’ ಎಂಬ ಚೀಟಿ ಅಂಗಡಿಯ ಗಾಜಿನ ಮೇಲೆ ಬಿಸಿಲಿಗೆ ಬೆಳ್ಳಗಾಗಿತ್ತು. ಒಂದೇ ಚೀಲ ಹಿಡಿದು ಬಂದ ಹೆಂಗಸನ್ನು ಅಧ್ಯಕ್ಷರ ಹೆಂಡತಿ ಒಂದು ಗಳಿಗೆ ನೋಡಿದಳು, ಹೆಚ್ಚೇನೂ ಕೇಳದೆ ಕೋಣೆ ತೋರಿಸಿದಳು.

“ಯಾರು ಅವಳು?” ಎಂದು ಪರವೂರಿಂದ ಮರಳಿದ ಅಧ್ಯಕ್ಷರು ಕೇಳಿದರು.

“ಫಿಸಿಯೋಥೆರಪಿ ಮಾಡ್ತಾಳೆ. ದೊಡ್ಡಾಸ್ಪತ್ರೆ ಹಿಂದಿನ ಕ್ಲಿನಿಕ್‌ನಲ್ಲಿ ಕೆಲಸ ಸಿಕ್ಕಿದೆಯಂತೆ. ಅತ್ತೆ ಮಂಡಿಗೂ ಒಳ್ಳೇದಾಯ್ತು.”

“ಒಬ್ಬಳೇನಾ?”

“ಒಬ್ಬಳೇ ಇರೋಕೆ ಅಂತಾನೇ ಬಂದಿರೋದು.”

ಅಧ್ಯಕ್ಷರು ಅವಳನ್ನು ಮೆಟ್ಟಿಲಲ್ಲಿ ಕಂಡಾಗ ತಲೆಯಾಡಿಸುತ್ತಿದ್ದರು, ಅಷ್ಟೆ. ಬಾಡಿಗೆಯವಳಿಗೂ ತಾಯಿಗೂ ಮಾತ್ರ ಬೇಗ ಒಗ್ಗಿಹೋಯಿತು. ಕ್ಲಿನಿಕ್ ಮುಗಿಸಿ ಬಂದು ಅವಳು ಅವರ ಮಂಡಿ ನೀವುತ್ತಾ ಕೂರುವಳು. ಇವರು ಅವಳಿಗೆ ಬೀಗನ ಹಳೆಯ ಪಂದ್ಯಗಳ ಕತೆ ಹೇಳುವರು. ಅವಳು ಹೂಂಗುಟ್ಟುತ್ತಾ ಕೇಳುವಳು.

ಸುದ್ದಿ ಹೊರಬಿದ್ದದ್ದು ಆಮೇಲೆ. ಗಂಡ ವರ್ಷಗಳಿಂದ ಹೊಡೆಯುತ್ತಿದ್ದಾನೆಂದು ಬೀಗನ ಹೆಂಡತಿ ಪೊಲೀಸರಿಗೆ ದೂರು ಕೊಟ್ಟು ಮನೆ ಬಿಟ್ಟು ಹೋಗಿದ್ದಾಳೆ, ಎಲ್ಲಿದ್ದಾಳೋ ತಿಳಿಯದು ಎಂದು ಪತ್ರಿಕೆಯಲ್ಲಿ ಬಂತು. ಬೀಗನ ಚಿತ್ರ ಅರ್ಧ ಪುಟ ಇತ್ತು, ಹೆಂಡತಿಯದು ಅಂಚೆಚೀಟಿಯಷ್ಟು. ಅಧ್ಯಕ್ಷರು ಅಭ್ಯಾಸಬಲದಿಂದ ಅರ್ಧ ಪುಟವನ್ನು ಕತ್ತರಿಸಿಕೊಂಡರು.

ಅದೇ ಭಾನುವಾರ ಬಳಗದ ತುರ್ತು ಸಭೆ ಅಧ್ಯಕ್ಷರ ಮನೆಯ ನಡುಕೋಣೆಯಲ್ಲಿ ಸೇರಿತು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಕಾರ್ಯದರ್ಶಿ ಪೆನ್ನು ಬಿಚ್ಚಿ ಕೂತ. ಬೆಂಬಲದ ನಿರ್ಣಯವೊಂದನ್ನು ಬರೆದು ಪತ್ರಿಕೆಗಳಿಗೆ ಕಳಿಸಬೇಕು, ಮುಂದಿನ ಪಂದ್ಯಕ್ಕೆ ದೊಡ್ಡ ಬ್ಯಾನರ್ ಹಿಡಿಯಬೇಕು ಎಂದಾಯಿತು. ಸದಸ್ಯರಲ್ಲಿ ಒಬ್ಬನಾದ ಬಸ್ ಕಂಡಕ್ಟರ್ ಮಾತ್ರ ಮೆಲ್ಲಗೆ, “ಅಲ್ಲ, ಆಕೆ ಹೇಳಿದ್ದು ನಿಜ ಆಗಿದ್ರೆ?” ಎಂದ.

“ನಿಜವೋ ಸುಳ್ಳೋ ಕೋರ್ಟು ಹೇಳುತ್ತೆ. ನಾವ್ಯಾರು ಹೇಳೋಕೆ?” ಎಂದರು ಅಧ್ಯಕ್ಷರು.

“ಹಾಗಾದ್ರೆ ಸುಳ್ಳು ಆರೋಪ ಅಂತ ಹೇಗೆ ಬರೆಯೋದು? ಅದನ್ನೂ ಕೋರ್ಟೇ ಹೇಳಬೇಕಲ್ವಾ?”

“ಟೀ ಕುಡಿಯಪ್ಪ, ಆರಿಹೋಗುತ್ತೆ,” ಎಂದ ಕಾರ್ಯದರ್ಶಿ.

ಟೀ ತಂದ ಅಧ್ಯಕ್ಷರ ಹೆಂಡತಿ ಎಲ್ಲರಿಗೂ ಕೊಟ್ಟು, ತಟ್ಟೆಯಲ್ಲಿ ಉಳಿದ ಒಂದು ಲೋಟ ಹಿಡಿದು ಹೊರಗಿನ ಮೆಟ್ಟಿಲ ಕಡೆ ನಡೆದಳು. ಯಾರೂ ಗಮನಿಸಲಿಲ್ಲ. ನಿರ್ಣಯಕ್ಕೆ ಒಳ್ಳೆಯ ಗಾದೆಗಳು ಬೇಕಾಗಿದ್ದವು, ಎಲ್ಲರೂ ಅದೇ ಹುಡುಕಾಟದಲ್ಲಿದ್ದರು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದು ಕಾರ್ಯದರ್ಶಿಯ ಕಾಣಿಕೆ. ‘ಒಂದು ಕೈಯಿಂದ ಚಪ್ಪಾಳೆಯಾಗದು’ ಎಂಬುದನ್ನು ಅಧ್ಯಕ್ಷರು ಸ್ವತಃ ಸೇರಿಸಿದರು. ಸಭೆ ಚಪ್ಪಾಳೆ ತಟ್ಟಿತು, ಎರಡೂ ಕೈಯಿಂದ.

ಎಲ್ಲರೂ ಹೋದ ಮೇಲೆ ಅಧ್ಯಕ್ಷರು ನಿರ್ಣಯವನ್ನು ತಾಯಿಗೆ ಓದಿ ಹೇಳಲು ಒಳಗೆ ಹೋದರು. ತಾಯಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು, ಬಾಡಿಗೆಯವಳು ಎಣ್ಣೆ ಹಚ್ಚಿ ಮಂಡಿ ನೀವುತ್ತಿದ್ದಳು. ಕೇಳುವವರು ಇಬ್ಬರಾದರಲ್ಲ ಎಂದು ಅಧ್ಯಕ್ಷರು ದನಿಯನ್ನು ಇನ್ನಷ್ಟು ಏರಿಸಿದರು. ‘ಏಳು ವರ್ಷಗಳ ಸುಖದಾಂಪತ್ಯದ ನಂತರ ಏಕಾಏಕಿ ಹೊರಟಿರುವ ಈ ಆರೋಪದ ಹಿಂದೆ ಯಾರ ಕೈವಾಡವಿದೆ?’ ಎಂಬಲ್ಲಿ ಸ್ವಲ್ಪ ನಿಲ್ಲಿಸಿ, ಮುಂದೆ ಓದಿದರು. ಬಾಡಿಗೆಯವಳ ಹೆಬ್ಬೆರಳು ಮಂಡಿಯ ಸುತ್ತ ಒಂದೇ ಲಯದಲ್ಲಿ ತಿರುಗುತ್ತಿತ್ತು. ಓದು ಮುಗಿದಾಗ ಅವಳು ತಲೆ ಎತ್ತದೆ ಹೇಳಿದಳು:

“ಒಂದು ತಪ್ಪಿದೆ ಅಣ್ಣಾ. ಮದುವೆಯಾಗಿ ಏಳು ವರ್ಷ ಅಲ್ಲ, ಒಂಬತ್ತು.”

“ನಿಮಗೆ ಹೇಗೆ ಗೊತ್ತು?”

“ನಾನೂ ಆ ಮದುವೆಗೆ ಹೋಗಿದ್ದೆ.”

ಅಧ್ಯಕ್ಷರಿಗೆ ಸಂತೋಷವಾಯಿತು. ಬೀಗನ ಮದುವೆ ಕಂಡವರು ತಮ್ಮ ಮನೆಯಲ್ಲೇ ಇದ್ದಾರೆ! ಅಡುಗೆಮನೆಗೆ ಓಡಿ ಹೆಂಡತಿಗೆ ಹೇಳಿದರು. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು.

“ಮದುಮಗಳು ಮದುವೆಗೆ ಹೋಗದೆ ಇರೋಕಾಗುತ್ತೇನ್ರೀ?”

ಅಧ್ಯಕ್ಷರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದರು. “ನಿನಗೆ ಮೊದಲೇ ಗೊತ್ತಿತ್ತಾ?”

“ಬಂದ ದಿನಾನೇ. ನಾನು ಪೇಪರ್ ಓದ್ತೀನಿ, ಕತ್ತರಿಸಲ್ಲ.”

“ಊರಲ್ಲಿ ಬೇರೆ ಮನೇನೇ ಸಿಗಲಿಲ್ವಾ ಆಕೆಗೆ? ಅಂಗಡಿ ತುಂಬಾ ಅವನ ಫೋಟೋ ಇರೋದು ಕಾಣಲಿಲ್ವಾ?”

“ನಾನೂ ಕೇಳಿದೆ. ಅದಕ್ಕೇ ಬಂದೆ ಅಂದಳು. ಅವನು ಎಲ್ಲಾ ಕಡೆ ಹುಡುಕ್ತಾನೆ, ಇಲ್ಲಿ ಮಾತ್ರ ಹುಡುಕಲ್ಲ ಅಂತ.” ಹೆಂಡತಿ ಕೈ ಒರೆಸಿಕೊಂಡಳು. “ಅವಳಿಗೆ ಎಡಗಿವಿ ಸರಿಯಾಗಿ ಕೇಳಿಸಲ್ಲ. ಯಾಕೆ ಅಂತ ನೀವು ಕೇಳಬೇಡಿ. ಅಧ್ಯಕ್ಷರೇ, ಇನ್ನು ಮೇಲೆ ನೀವು ಮಾಡೋದು ಒಂದೇ ಕೆಲಸ. ಬಾಯಿಗೆ ಬೀಗ ಹಾಕ್ಕೊಳ್ಳಿ.”

ತಾಯಿಗೂ ವಿಷಯ ತಿಳಿಯಿತು. ಅವರು ಅಳಲಿಲ್ಲ, ರೇಗಲಿಲ್ಲ. ಎರಡು ದಿನ ಟಿ.ವಿ. ಹಾಕದೆ ಕೂತರು. ಮೂರನೆಯ ದಿನ ಮಗನನ್ನು ಕರೆದು, “ನನ್ನ ಕಾಲು ನೀವೋ ಕೈ ಅದು. ಸುಳ್ಳು ಹೇಳೋ ಕೈ ಅಲ್ಲ ಕಣೋ,” ಎಂದರು. ಆಮೇಲೆ ಆರಿದ ಟಿ.ವಿ. ಕಡೆ ನೋಡಿ, “ಆದ್ರೂ ಎಂಥಾ ಆಟಗಾರ!” ಎಂದು ನಿಟ್ಟುಸಿರಿಟ್ಟರು. ಆ ಎರಡು ಮಾತನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಜಾಗ ಅವರಿಗೆ ಸಿಕ್ಕಿದ ಹಾಗೆ ಕಾಣಲಿಲ್ಲ.

ಅಧ್ಯಕ್ಷರು ಬಾಯಿ ಬಿಡಲಿಲ್ಲ. ನಿಜಕ್ಕೂ ಬಿಡಲಿಲ್ಲ, ಮುಂದಿನ ಸಭೆಯ ತನಕ. ಆ ಸಭೆ ಕಾರ್ಯದರ್ಶಿಯ ಕನ್ನಡಕದ ಅಂಗಡಿಯಲ್ಲಿತ್ತು. ನಿರ್ಣಯ ಓದಿ ಬೀಗ ಬಹಳ ಸಂತೋಷಪಟ್ಟನಂತೆ. ಬಳಗಕ್ಕೆಂದು ತನ್ನ ಕೈಗವಸು ಒಂದನ್ನು ಕಳಿಸಿದ್ದ. ಕಾರ್ಯದರ್ಶಿ ಅದನ್ನು ಗಾಜಿನ ಪೆಟ್ಟಿಗೆಯೊಳಗೆ, ಬೆಲೆಬಾಳುವ ಫ್ರೇಮುಗಳ ನಡುವೆ, ದೀಪ ಹಾಕಿ ಇಟ್ಟಿದ್ದ. ನಿರ್ಣಯದ ಮುಖ್ಯ ವಾಕ್ಯ ಬರೆದವರು ಅಧ್ಯಕ್ಷರು. ಗವಸು ಮಾತ್ರ ಕಾರ್ಯದರ್ಶಿಯ ಪಾಲು. ಸದಸ್ಯರೆಲ್ಲ ಪೆಟ್ಟಿಗೆಯ ಸುತ್ತ ನೆರೆದಿದ್ದರು, ಅಧ್ಯಕ್ಷರ ಕುರ್ಚಿಯ ಕಡೆ ಯಾರೂ ತಿರುಗಲಿಲ್ಲ. ಹೊರಡುವಾಗ ಅವರು ಕಾರ್ಯದರ್ಶಿಯನ್ನು ಪಕ್ಕಕ್ಕೆ ಕರೆದು ಹೇಳಿಯೇಬಿಟ್ಟರು:

“ಗವಸು ನಿನ್ನ ಅಂಗಡೀಲಿ ಇರಬಹುದು. ಹೆಂಡ್ತಿ ನನ್ನ ಮನೇಲಿದ್ದಾಳೆ.”

ಹೇಳಿದ ಮೇಲೆ, “ಯಾರಿಗೂ ಹೇಳಬೇಡ,” ಎಂದೂ ಸೇರಿಸಿದರು. ಕಾರ್ಯದರ್ಶಿ ಕಣ್ಣಾಣೆ ಇಟ್ಟ.

ಮಾರನೆಯ ಮಧ್ಯಾಹ್ನ ಬೀಗ ಬಂದ.

ಅಂಗಡಿಯಲ್ಲಿ ಅಧ್ಯಕ್ಷರು ಒಬ್ಬರೇ ಇದ್ದರು. ಹೆಂಡತಿ ಬಟ್ಟೆ ಒಣಗಿಸಲು ಹಿತ್ತಲಿಗೆ ಹೋಗಿದ್ದಳು. ಟೋಪಿ ಹಣೆಗೆ ಎಳೆದುಕೊಂಡ ಎತ್ತರದ ಮನುಷ್ಯ ಬಾಗಿ ಒಳಗೆ ಬಂದು, ಗೋಡೆಯ ಮೇಲಿದ್ದ ತನ್ನ ಮೂವತ್ತು ನಲವತ್ತು ಮುಖಗಳನ್ನು ನೋಡಿ ನಕ್ಕ. ಅಧ್ಯಕ್ಷರ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಮೇಲೆ ನಿಂತಲ್ಲೇ ನಿಂತಿತು. ಅಂಗಿ ಸುಟ್ಟ ವಾಸನೆ ಬಂದ ಮೇಲೇ ಅವರು ಉಸಿರಾಡಿದ್ದು.

“ಅಧ್ಯಕ್ಷರು ನೀವೇ ಅಲ್ವಾ ಅಣ್ಣಾ? ನಿಮ್ಮಂಥೋರು ಇರೋದ್ರಿಂದ ನಾನು ಇವತ್ತು ನಿಂತಿದ್ದೀನಿ,” ಎಂದ ಬೀಗ. ಸಹಿ ಹಾಕಿದ ಜೆರ್ಸಿಯೊಂದನ್ನು ಮೇಜಿನ ಮೇಲಿಟ್ಟ. ಪತ್ರಿಕೆಯವರು, ವಕೀಲರು, ಹೆಂಡತಿಯ ಅಣ್ಣಂದಿರು ಎಲ್ಲ ಸೇರಿ ಸಂಸಾರ ಒಡೆಯುತ್ತಿದ್ದಾರೆಂದೂ, ಐದು ನಿಮಿಷ ಮಾತಾಡಿದರೆ ಎಲ್ಲ ಸರಿಹೋಗುತ್ತದೆಂದೂ ಹೇಳುವಾಗ ಅವನ ಕಣ್ಣು ತುಂಬಿತು. ಅಧ್ಯಕ್ಷರದೂ ತುಂಬಿತು.

“ಅವರು ಕೆಲಸಕ್ಕೆ ಹೋಗಿದ್ದಾರೆ...”

“ಪರವಾಗಿಲ್ಲ, ಮೇಲೆ ಕೂತು ಕಾಯ್ತೀನಿ. ಬೀಗದಕೈ ಕೊಡಿ.”

ಕೋಣೆಯ ಎರಡನೆಯ ಬೀಗದಕೈ ಮೊಳೆಗೆ ತೂಗುತ್ತಿತ್ತು. ಅಧ್ಯಕ್ಷರು ಕೈ ಚಾಚಿದರು. ಸುಳ್ಳು ಹೇಳಬಾರದು, ಕೊಡುವುದಕ್ಕೇ ಚಾಚಿದರು. ಆದರೆ ಮೊಳೆಯ ಹತ್ತಿರ ಹೋದ ಕೈ ನಿಂತಿತು. ಹೆಂಡತಿಯ ಮುಖ ನೆನಪಾಯಿತೋ, ಬಾಡಿಗೆಗೆ ಕೊಟ್ಟ ಕೋಣೆಯ ಬಾಗಿಲನ್ನು ಹೀಗೆ ತೆಗೆಯಬಾರದೆಂಬ ಸಾಮಾನ್ಯ ಮರ್ಯಾದೆಯೋ, ಅವರು ತಿರುಗಿ ಬಹಳ ಸಂಕೋಚದಿಂದ ಅಂದರು:

“ಅವರನ್ನ ಒಂದು ಮಾತು ಕೇಳಿ ಕೊಡ್ತೀನಿ.”

ಮೇಜಿನ ಈ ಬದಿಗೆ ಬೀಗನ ಕೈ ಬಂದದ್ದು ಕಾಣಲೇ ಇಲ್ಲ. ಅಷ್ಟು ವೇಗವಾಗಿ ಅದು ಬರುವುದನ್ನು ಅಧ್ಯಕ್ಷರು ಮೈದಾನದಲ್ಲಿ ನೂರು ಸಲ ಕಂಡು ಕುಣಿದಿದ್ದರು. ಈಗ ಅದರೊಳಗೆ ಸಿಕ್ಕಿದ್ದು ಅವರ ಬಲ ಮಣಿಕಟ್ಟು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಬೀಗನ ಮುಖದ ಮೇಲಿನ ನಗು ಹಾಗೇ ಇತ್ತು. ಮಣಿಕಟ್ಟು ಮಾತ್ರ ನಿಧಾನವಾಗಿ ತಿರುಗುತ್ತಿತ್ತು.

“ನನ್ನ ಹೆಂಡ್ತೀನ ನೋಡೋಕೆ ನಾನು ಯಾರನ್ನ ಕೇಳಬೇಕು?” ಎಂದ, ಗುಟ್ಟು ಹೇಳುವವನ ದನಿಯಲ್ಲಿ.

ಅಧ್ಯಕ್ಷರ ಮಂಡಿ ನೆಲಕ್ಕೆ ತಾಗುವುದರಲ್ಲಿತ್ತು. ಅಷ್ಟರಲ್ಲಿ ಒಳಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ತಾಯಿ ನಿಂತಿದ್ದರು. ಬೀಗ ಥಟ್ಟನೆ ಕೈ ಬಿಟ್ಟು, “ನಮಸ್ಕಾರ ಅಮ್ಮಾ!” ಎಂದ. ದನಿ ಜೇನಿನಂತಿತ್ತು.

ತಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದರು. ಟಿ.ವಿ.ಯಲ್ಲಿ ಕಾಣುವುದಕ್ಕಿಂತ ಎತ್ತರವಾಗಿದ್ದಾನೆ ಎಂದು ಆ ಗಳಿಗೆಯಲ್ಲೂ ಅನ್ನಿಸಿತಂತೆ, ಆಮೇಲೆ ಹೇಳಿಕೊಂಡರು. “ಹೋಗಪ್ಪಾ,” ಎಂದರು. “ಇದು ಗೃಹಸ್ಥರ ಮನೆ. ನಿನ್ನನ್ನ ನಾನು ನೆಂಟ ಅಂತಿದ್ದೆ. ಇನ್ನೊಂದು ಸಲ ಇಲ್ಲಿಗೆ ಬಂದ್ರೆ ಬೀದಿ ಜನಾನೆಲ್ಲ ಕೂಗ್ತೀನಿ. ನನ್ನ ಗಂಟಲು ಚೆನ್ನಾಗಿದೆ, ಹನ್ನೆರಡು ವರ್ಷ ನಿನಗೋಸ್ಕರಾನೇ ಕೂಗಿದ್ದೀನಿ.”

ಬೀಗ ಟೋಪಿ ಎಳೆದುಕೊಂಡು ಹೋದ. ಹಿತ್ತಲಿಂದ ಓಡಿಬಂದ ಹೆಂಡತಿ ಗಂಡನ ಮಣಿಕಟ್ಟು ನೋಡಿದಳು, ಮಂಜುಗಡ್ಡೆ ತಂದು ಕಟ್ಟಿದಳು. “ಅವನಿಗೆ ಯಾರು ಹೇಳಿದ್ದು?” ಎಂದು ಕೇಳಿದಳು. ಅಧ್ಯಕ್ಷರು ಸುಟ್ಟ ಅಂಗಿಯ ಕಡೆ ನೋಡಿದರು. ಅವಳು ಇನ್ನೊಂದು ಸಲ ಕೇಳಲಿಲ್ಲ. ಮೇಜಿನ ಮೇಲೆ ಉಳಿದಿದ್ದ ಜೆರ್ಸಿಗೆ ‘ಬಿಟ್ಟುಹೋದ ಬಟ್ಟೆ’ ಎಂಬ ಚೀಟಿ ಪಿನ್ನು ಮಾಡಿ, ವಾರಸುದಾರರಿಲ್ಲದ ಕೋಟು ಪರದೆಗಳ ನಡುವೆ ತೂಗುಹಾಕಿದಳು.

ಸಂಜೆ ಅಧ್ಯಕ್ಷರು ಮೇಲಿನ ಕೋಣೆಯ ಬಾಗಿಲ ಹೊರಗೇ ನಿಂತು, “ನಾನೇ ಹೇಳಿದ್ದು. ಒಬ್ಬನಿಗೆ ಹೇಳಿದೆ,” ಎಂದರು.

“ಗೊತ್ತು ಅಣ್ಣಾ,” ಎಂದಳು ಬಾಡಿಗೆಯವಳು. “ಕೈ ತೋರಿಸಿ.” ಮಣಿಕಟ್ಟನ್ನು ಬೆಳಕಿಗೆ ಹಿಡಿದು, ಮೂಳೆ ಮುಟ್ಟಿ ನೋಡಿ, ಬೆರಳು ಮಡಿಸಿ ಬಿಡಿಸಿದಳು. “ಮುರಿದಿಲ್ಲ. ನಾಳೆ ನೀಲಿ ಆಗುತ್ತೆ, ಆಮೇಲೆ ಹಸಿರು, ಆಮೇಲೆ ಹಳದಿ. ಹೆದರಬೇಡಿ.” ಅವರು ಬೇರೆ ಏನೋ ಬಯ್ಗುಳ ನಿರೀಕ್ಷಿಸಿದ್ದರು. ಅದು ಬರಲಿಲ್ಲವಾದ್ದರಿಂದ ಮೆಟ್ಟಿಲಿಳಿಯುವುದು ಕಷ್ಟವಾಯಿತು.

ಅವರು ಮರುದಿನವೇ ಕನ್ನಡಕದ ಅಂಗಡಿಯಲ್ಲಿ ಬಳಗದ ಸಭೆ ಕರೆದರು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಒಂದು ಹೆಬ್ಬೆರಳು ಅಚ್ಚೊತ್ತಿದಂತೆ ಮೂಡಿದ್ದವು. ಅಂಗಿಯ ತೋಳು ಮಡಿಸಿ ಕೈಯನ್ನು ಮುಂದೆ ಚಾಚಿದರು.

“ಇದು ಬೀಗನ ಕೈ,” ಎಂದರು.

ಸಭೆ ಒಮ್ಮೆಲೇ ಎದ್ದು ನಿಂತಿತು. “ಅವರೇ? ನಿಮ್ಮ ಅಂಗಡಿಗೇ ಬಂದಿದ್ರಾ?” “ಬೆರಳು ನೋಡ್ರೋ, ಎಷ್ಟು ಉದ್ದ!” “ಅದೃಷ್ಟ ಅಂದ್ರೆ ನಿಮ್ಮದು ಅಧ್ಯಕ್ಷರೇ!” ಒಬ್ಬ ಫೋಟೋ ತೆಗೆದ. ಇನ್ನೊಬ್ಬ ತನ್ನ ಬೆರಳುಗಳನ್ನು ಆ ಗುರುತಿನ ಮೇಲಿಟ್ಟು ಅಳತೆ ನೋಡಿಕೊಂಡ. ಕಾರ್ಯದರ್ಶಿ ಅಂಗಡಿಯ ಭೂತಗನ್ನಡಿ ತಂದು ಹತ್ತಿರದಿಂದ ಪರೀಕ್ಷಿಸಿ, “ಪೆನಾಲ್ಟಿ ತಡೆದ ಕೈ,” ಎಂದು ಭಕ್ತಿಯಿಂದ ಹೇಳಿದ.

“ನಿಮಗೆ ಅರ್ಥ ಆಗ್ತಿಲ್ಲ,” ಅಧ್ಯಕ್ಷರ ದನಿ ಏರಿತು. “ಅವನು ನನ್ನ ಕೈ ತಿರುಚಿದ. ನಗ್ತಾ ನಗ್ತಾ ತಿರುಚಿದ. ಆಕೆ ಹೇಳಿದ್ದೆಲ್ಲ ನಿಜ.”

ಕಾರ್ಯದರ್ಶಿ ಭೂತಗನ್ನಡಿಯನ್ನು ಒರೆಸಿ ಜೇಬಿಗಿಟ್ಟ.

“ಅವರು ಸುಮ್ಸುಮ್ನೆ ಯಾಕೆ ತಿರುಚ್ತಾರೆ? ನೀವು ಏನಾದ್ರೂ ಅಂದ್ರಾ?”

“ಒಂದು ಮಾತು ಕೇಳಿ ಕೊಡ್ತೀನಿ ಅಂದೆ, ಅಷ್ಟೇ!”

“ಅದೇ ನೋಡಿ. ಮೊದಲೇ ನೊಂದಿರೋ ಮನುಷ್ಯ, ಮೇಲೆ ಈ ಮಾತು. ಒಂದು ಕೈಯಿಂದ ಚಪ್ಪಾಳೆ ಆಗಲ್ಲ ಅಧ್ಯಕ್ಷರೇ. ನೀವೇ ಬರೆದಿದ್ದೀರಿ.”

“ಸಾಕ್ಷಿ ಯಾರಿದ್ರು?” ಎಂದ ಮತ್ತೊಬ್ಬ.

“ನಮ್ಮಮ್ಮ.”

“ತಾಯಿ ಮಗನ ಕಡೇನೇ ಅಲ್ವಾ ಮಾತಾಡೋದು?”

ಬಸ್ ಕಂಡಕ್ಟರ್ ಮಾತ್ರ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಉಳಿದವರು, ಅಧ್ಯಕ್ಷರ ಆರೋಗ್ಯದ ದೃಷ್ಟಿಯಿಂದ ಅವರಿಗೆ ಜವಾಬ್ದಾರಿಯಿಂದ ಬಿಡುವು ಕೊಡುವುದೆಂದು ಒಮ್ಮತದಿಂದ ತೀರ್ಮಾನಿಸಿದರು. ಕಾರ್ಯದರ್ಶಿ ಅಧ್ಯಕ್ಷನಾದ.

ಹೆಂಡತಿಯ ಒತ್ತಾಯಕ್ಕೆ ಅವರು ಪೊಲೀಸ್ ಠಾಣೆಗೂ ಹೋಗಿ ಹೇಳಿಕೆ ಕೊಟ್ಟರು. ಬರೆದುಕೊಂಡ ಅಧಿಕಾರಿ ಮರ್ಯಾದಸ್ಥ. ಎಲ್ಲವನ್ನೂ ಸರಿಯಾಗಿ ಬರೆದುಕೊಂಡು, ಸಹಿ ಹಾಕಿಸಿಕೊಂಡು, ಕೊನೆಯಲ್ಲಿ ಪೆನ್ನು ಮುಚ್ಚುತ್ತಾ, “ಅಂದ ಹಾಗೆ, ಆ ಜೆರ್ಸಿ ಇನ್ನೂ ನಿಮ್ಮ ಹತ್ರಾನೇ ಇದೆಯಾ?” ಎಂದು ಕೇಳಿದ.

ತಂಡದವರು ವಿಚಾರಣೆ ಮುಗಿಯುವ ತನಕ ಬೀಗನನ್ನು ಆಡಿಸುವುದಿಲ್ಲವೆಂದು ಗಂಭೀರವಾಗಿ ಘೋಷಿಸಿದರು. ಅವನ ಬದಲು ನಿಂತ ಹೊಸಬ ಎರಡು ಪಂದ್ಯದಲ್ಲಿ ಏಳು ಗೋಲು ಬಿಟ್ಟ. ತಂಡದ ಒಳಗಿನ ವಿಚಾರಣೆ ಆಮೇಲೆ ಬಹಳ ಚುರುಕಾಯಿತು, ನಾಲ್ಕೇ ದಿನದಲ್ಲಿ ಮುಗಿಯಿತು. ಕೋರ್ಟಿನ ಪ್ರಕರಣ ಕೋರ್ಟಿನ ನಡಿಗೆಯಲ್ಲಿ ನಡೆಯುತ್ತಿತ್ತು. ಬೀಗ ಹೆಂಡತಿಯ ಹತ್ತಿರ ಸುಳಿಯಬಾರದೆಂದು ಒಂದು ಆದೇಶವಾಯಿತು, ಅಷ್ಟರ ಮಟ್ಟಿಗೆ ಆ ಮನೆಯವರು ನೆಮ್ಮದಿಯಾಗಿ ಮಲಗಿದರು. ಅವನು ಮೈದಾನಕ್ಕೆ ಬರಬಾರದೆಂದು ಯಾರೂ ಹೇಳಲಿಲ್ಲ.

ಅವನು ಮರಳಿ ಬಂದ ಪಂದ್ಯ ಶನಿವಾರ ಸಂಜೆ ಇತ್ತು. ಗೋಡೆಯ ಚಿತ್ರಗಳನ್ನು ಕಿತ್ತಿದ್ದರಿಂದ ಅಂಗಡಿ ತುಂಬ ಚೌಕ ಚೌಕ ಬಿಳಿ ಕಲೆಗಳಿದ್ದವು. ಮಾಜಿ ಅಧ್ಯಕ್ಷರು ಟಿ.ವಿ. ಹಾಕುವುದಿಲ್ಲವೆಂದು ಬೆಳಗ್ಗೆ ಹೇಳಿದ್ದರು. ಸಂಜೆ ತಾಯಿ, “ತಂಡ ಏನು ಮಾಡಿತು ಪಾಪ?” ಎಂದರು. ಮೇಲಿನವಳಿಗೆ ಕೇಳಿಸಬಾರದೆಂದು ದನಿ ಪೂರ್ತಿ ಇಳಿಸಿ ಹಾಕಿದರು.

“ಟೀಮು ಗೆಲ್ಲಲಿ, ಆದ್ರೆ ಇವನು ಎರಡು ಗೋಲು ಬಿಡಲಿ,” ಎಂದು ತಾಯಿ ಕೈ ಮುಗಿದರು.

“ಎರಡು ಬಿಟ್ರೆ ಮೂರು ಹೊಡೀಬೇಕಲ್ಲಮ್ಮ. ನಮ್ಮೋರಿಗೆ ಅಷ್ಟು ಆಗಲ್ಲ.”

“ಹಾಗಾದ್ರೆ ಒಂದು ಬಿಡಲಿ.”

“ಇದೇನು ಚೌಕಾಸಿ ಅತ್ತೆ?” ಎಂದು ಸೊಸೆ ನಕ್ಕಳು.

ಊರಿನ ತಂಡ ಒಂದು ಗೋಲಿನ ಮುನ್ನಡೆಯಲ್ಲಿದ್ದಾಗ, ಆಟ ಮುಗಿಯಲು ಸ್ವಲ್ಪವೇ ಇರುವಾಗ, ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಮೂವರೂ ಉಸಿರು ಬಿಗಿಹಿಡಿದರು. ಯಾವುದಕ್ಕಾಗಿ ಎಂದು ಕೇಳಿದ್ದರೆ ಮೂವರೂ ಉತ್ತರ ಹೇಳುತ್ತಿರಲಿಲ್ಲ. ಬೀಗ ಎಡಕ್ಕೆ ಹಾರಿ ಚೆಂಡನ್ನು ತಳ್ಳಿಬಿಟ್ಟ. ಟಿ.ವಿ.ಯಲ್ಲಿ ಸದ್ದಿರಲಿಲ್ಲ, ಆದರೆ ಅಕ್ಕಪಕ್ಕದ ಮನೆಗಳಿಂದ, ಎದುರು ಮಹಡಿಗಳಿಂದ, ಇಡೀ ಬೀದಿಯಿಂದ ‘ಬೀಗಾ!’ ಎಂಬ ಕೂಗು ಕಿಟಕಿಗಳಲ್ಲಿ ನುಗ್ಗಿತು. ಮಾಜಿ ಅಧ್ಯಕ್ಷರು ಕುರ್ಚಿ ಬಿಟ್ಟು ಅರ್ಧ ಎದ್ದಿದ್ದರು, ಎರಡೂ ಕೈ ಮೇಲಿತ್ತು. ಹೆಂಡತಿ ನೋಡುತ್ತಿದ್ದಳು. ಅವರು ಮೇಲೆತ್ತಿದ ಕೈಯಿಂದ ತಲೆ ಕೆರೆದುಕೊಂಡು ಕೂತರು.

ಬಾಗಿಲಲ್ಲಿ ಬಾಡಿಗೆಯವಳು ನಿಂತಿದ್ದಳು. ಯಾವಾಗ ಇಳಿದು ಬಂದಳೋ.

“ಎಡಕ್ಕೆ ಹಾರಿದ್ರಾ?” ಎಂದಳು.

“ಹೂಂ,” ಎಂದರು ತಾಯಿ.

“ಯಾವಾಗಲೂ ಎಡಕ್ಕೇ. ಹತ್ತು ವರ್ಷದಿಂದ ಹೊಡೆಯೋರಿಗೆ ಅದು ಗೊತ್ತಾಗಿಲ್ಲ.” ಅವಳು ಬಂದು ತಾಯಿಯ ಪಕ್ಕ ಮಂಚದ ಅಂಚಿನಲ್ಲಿ ಕೂತು, ಅವರ ಕಾಲನ್ನು ಮಡಿಲಿಗೆ ತೆಗೆದುಕೊಂಡಳು. “ಟಿ.ವಿ. ಸೌಂಡ್ ಕೊಡಿ ಅಣ್ಣಾ. ನನ್ನೊಬ್ಬಳಿಗೋಸ್ಕರ ಬೀದೀನೆಲ್ಲ ಮೂಕ ಮಾಡೋಕಾಗುತ್ತಾ?”

ಅವರು ದನಿ ಸ್ವಲ್ಪ ಏರಿಸಿದರು, ಮತ್ತೆ ಸ್ವಲ್ಪ ಇಳಿಸಿದರು. ಆಟ ಮುಗಿಯಿತು. ಬೀಗನನ್ನು ಭುಜದ ಮೇಲೆ ಹೊತ್ತುಕೊಂಡು ಆಟಗಾರರು ಮೈದಾನ ಸುತ್ತುವಾಗ ಹೆಂಡತಿ ಎದ್ದು ಟಿ.ವಿ. ಆರಿಸಿದಳು. ಮಾಜಿ ಅಧ್ಯಕ್ಷರು ಕಿಟಕಿ ಮುಚ್ಚಲು ಹೋದರು. ಎದುರು ಮಹಡಿಯಲ್ಲಿ ಹಳೆಯ ಸದಸ್ಯನೊಬ್ಬ ಬಾವುಟ ಬೀಸುತ್ತಿದ್ದವನು ಇವರನ್ನು ಕಂಡು ಜಗಳವೆಲ್ಲ ಮರೆತು ಕೂಗಿದ:

“ಗೆದ್ವಿ ಅಧ್ಯಕ್ಷರೇ! ಗೆದ್ವಿ!”

“ಹೌದಂತೆ,” ಎಂದರು ಇವರು ಕಿಟಕಿಯ ಬಾಗಿಲು ಎಳೆದುಕೊಳ್ಳುತ್ತಾ. “ಗೆದ್ರಂತೆ.”